ಅಡುಗೆ ಪುಸ್ತಕಕ್ಕೂ ಒಂದು ಅಂದ ಬೇಕು

ಬೆಂಗಳೂರಿನ ರಾಜಾಜಿನಗರದ ಹಳೆಯ ಮನೆಗಳಲ್ಲಿ ಅಡುಗೆಮನೆ ಹಿತ್ತಿಲ ಕಡೆಗಿರುತ್ತಿತ್ತು. 30–40ರ ನಿವೇಶನದಲ್ಲಿ ಮುಂದೆ ಹಾಲು, ನಡುವೆ ಒಂದೆರಡು ಕೋಣೆ, ಕೊನೆಗೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ಬಂದ ನೆಂಟರಿಗೆ ತಲುಪುತ್ತಿದ್ದುದು ಒಗ್ಗರಣೆಯ ಘಮವೊಂದೇ. ಈಗ ಅದೇ ನಿವೇಶನಗಳಲ್ಲಿ ಎದ್ದಿರುವ ಮೂರಂತಸ್ತಿನ ಮನೆಗಳಲ್ಲೂ ಬಸವೇಶ್ವರನಗರ, ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟುಗಳಲ್ಲೂ ನಡುವಿನ ಗೋಡೆ ಹೋಗಿಬಿಟ್ಟಿದೆ. ಅಡುಗೆ ಕಟ್ಟೆ ಹಾಲಿನ ಸೋಫಾಕ್ಕೆ ಎದುರಾಗಿ ನಿಂತಿದೆ. ಅಡುಗೆ ಮಾಡುವವರ ಮುಖ ಕಾಣುತ್ತದೆ, ಪಾತ್ರೆ ಕಾಣುತ್ತದೆ, ಕಪಾಟು ಕಾಣುತ್ತದೆ. ಆ ಕಪಾಟಿನ ತೆರೆದ ಹಲಗೆಯ ಮೇಲೆ ಉಪ್ಪಿನ ಜಾಡಿ, ಹಿತ್ತಾಳೆಯ ಲೋಟದ ಪಕ್ಕದಲ್ಲಿ ಇತ್ತೀಚೆಗೆ ಇನ್ನೊಂದು ವಸ್ತುವೂ ಜಾಗ ಹಿಡಿದಿದೆ. ಅದು ದಪ್ಪ ರಟ್ಟಿನ, ಬಣ್ಣಬಣ್ಣದ ಅಡುಗೆ ಪುಸ್ತಕ.

ಈ ಬೆಳವಣಿಗೆ ನನಗೆ ಇಷ್ಟವಾಗಿದೆ. ಅಡುಗೆ ಪುಸ್ತಕವನ್ನು ಎದುರಿಗೆ ಇಟ್ಟುಕೊಳ್ಳುವ ಮನೆ, ಅಡುಗೆಯೂ ಓದುವ ವಿಷಯ, ನೋಡಿ ಸಂತೋಷಪಡುವ ವಿಷಯ ಎಂದು ಒಪ್ಪಿಕೊಂಡ ಮನೆ. ಆದರೆ ಹಲಗೆಯ ಮೇಲಿನ ಆ ಪುಸ್ತಕಗಳ ಬೆನ್ನನ್ನು ಓದುತ್ತ ಹೋದರೆ ಬಹುಪಾಲು ಇಂಗ್ಲಿಷು. ಪಾಸ್ತಾ ಇದೆ, ಲೆಬನಾನಿನ ಹಮ್ಮಸ್ ಇದೆ, ಫ್ರಾನ್ಸಿನ ಬ್ರೆಡ್ಡು ಇದೆ. ಬಸ್ಸಾರು, ಹಿತಕಿದ ಬೇಳೆ, ಒತ್ತು ಶ್ಯಾವಿಗೆ ಮಾತ್ರ ಅದೇ ಮನೆಯ ಅಜ್ಜಿಯ ನೆನಪಿನಲ್ಲೋ, ಮೊಬೈಲಿನ ಒಂದು ವಿಡಿಯೊದಲ್ಲೋ ಉಳಿದಿವೆ. ಕನ್ನಡದ ಊಟಕ್ಕೆ, ಕನ್ನಡದಲ್ಲಿ, ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗದಂಥ ಪುಸ್ತಕಗಳು ಬರಬೇಕು. ಅದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಸಾವಿರ ವರ್ಷದಿಂದ ಇದೆ.

ಸಾವಿರ ವರ್ಷ ಎಂದದ್ದು ಉತ್ಪ್ರೇಕ್ಷೆಯಲ್ಲ. ಕಲ್ಯಾಣದ ಚಾಲುಕ್ಯ ಅರಸ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯ ಎಂಬ ಕವಿ ‘ಲೋಕೋಪಕಾರ’ ಬರೆದ. ಮಳೆಯ ಲಕ್ಷಣ, ಬಾವಿಯ ನೀರು ಹುಡುಕುವ ಬಗೆ, ಗಿಡಗಳ ರೋಗ, ದನಗಳ ಮದ್ದು, ಸುಗಂಧ ದ್ರವ್ಯ, ಮನೆ ಕಟ್ಟುವ ವಿಧಾನ, ಹೀಗೆ ಗೃಹಸ್ಥನಿಗೆ ಬೇಕಾದುದೆಲ್ಲ ಅದರಲ್ಲಿದೆ. ಅವುಗಳ ನಡುವೆ ಅಡುಗೆಗೂ ಒಂದು ಅಧ್ಯಾಯ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸುವ ಕ್ರಮವನ್ನು ಅವನು ಹೇಳುತ್ತಾನೆ. ಇಡ್ಲಿಯ ಇತಿಹಾಸ ಬರೆದವರೆಲ್ಲ ಈ ಸಾಲುಗಳ ಬಳಿ ನಿಂತೇ ಮುಂದೆ ಹೋಗುತ್ತಾರೆ. ಅದೇ ವಂಶದ ಮೂರನೆಯ ಸೋಮೇಶ್ವರ ಒಂದು ಶತಮಾನದ ನಂತರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳನ್ನು ವಿವರಿಸುವಾಗ ಅನ್ನಭೋಗಕ್ಕೆ ಸಾಕಷ್ಟು ಜಾಗ ಕೊಟ್ಟ. ಇನ್ನೂ ಈಚೆಗೆ, ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ ಅಡುಗೆಯ ಜೊತೆಗೆ ಅಡುಗೆಮನೆ ಹೇಗಿರಬೇಕು, ಯಾವ ಲೋಹದ ಪಾತ್ರೆಯಲ್ಲಿ ಬೇಯಿಸಿದರೆ ಏನು ಗುಣ ಎಂಬುದನ್ನೂ ಚರ್ಚಿಸಿತು. ಅಡುಗೆಮನೆಯ ಅಂದಚೆಂದ ನಮಗೆ ಹೊಸ ಚಿಂತೆ ಏನೂ ಅಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದವನು ಮೂರನೆಯ ಮಂಗರಸ. ಹುಣಸೂರು ಸೀಮೆಯ ಕಲ್ಲಹಳ್ಳಿಯವನು, ಚೆಂಗಾಳ್ವರ ಆಶ್ರಯದ ಪಾಳೆಯಗಾರರ ಮನೆತನದವನು, ಜೈನ. ‘ಸಮ್ಯಕ್ತ್ವ ಕೌಮುದಿ’, ‘ಜಯನೃಪಕಾವ್ಯ’, ‘ನೇಮಿಜಿನೇಶ ಸಂಗತಿ’ಯಂಥ ಧಾರ್ಮಿಕ ಕಾವ್ಯಗಳನ್ನು ಬರೆದ ಈ ಕವಿ, 16ನೇ ಶತಮಾನದ ಆರಂಭದಲ್ಲಿ, ಅಡುಗೆಗೇ ಮೀಸಲಾದ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಆರು ಸಾಲಿನ ಪದ್ಯದಲ್ಲಿ ರೊಟ್ಟಿಯ ಕ್ರಮ! ಹಿಟ್ಟಿನ ತಿನಿಸು, ಪಾನಕ, ಪಾಯಸ ಮತ್ತು ಅನ್ನದ ಬಗೆಗಳು, ತರಕಾರಿ, ಬಾಳೆ ಮತ್ತು ಹಲಸು, ಕಳಲೆ ಎಂದು ಒಂದೊಂದಕ್ಕೂ ಬೇರೆ ಬೇರೆ ಜಾಗ. ಬದನೆಕಾಯಿಯ ಮೇಲಂತೂ ಅವನಿಗೆ ವಿಶೇಷ ಪ್ರೀತಿ.

ಆ ಪುಸ್ತಕದ ಮುಚ್ಚಳ ರೊಟ್ಟಿಯನ್ನೇ ನೋಡಿ. ಹಿಟ್ಟನ್ನು ಪಾತ್ರೆಯಲ್ಲಿಟ್ಟು, ಮೇಲೆ ಮುಚ್ಚಳ ಮುಚ್ಚಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಇಂದು ಬಸವೇಶ್ವರನಗರದ ಮನೆಯ ಓವನ್ನಿನಲ್ಲಿ ಮೇಲಿನ ಕಾಯಿಲ್, ಕೆಳಗಿನ ಕಾಯಿಲ್ ಎರಡನ್ನೂ ಒಟ್ಟಿಗೆ ಹಚ್ಚಿ ಬೇಯಿಸುವುದು ಅದೇ ತತ್ತ್ವ. ಉದುರು ರೊಟ್ಟಿ, ಸವುದು ರೊಟ್ಟಿ, ಮಂಡಿಗೆ ಎಂದು ಅವನು ಪಟ್ಟಿ ಬೆಳೆಸುತ್ತಾನೆ. ಮಂಡಿಗೆಯನ್ನು ಬೆಳಗಾವಿಯ ಕಡೆಯ ಮದುವೆಗಳಲ್ಲಿ ಈಗಲೂ ಬೋರಲು ಹಾಕಿದ ಪಾತ್ರೆಯ ಮೇಲೆ ಬೇಯಿಸುತ್ತಾರೆ. ಇನ್ನೊಂದು ಸಂಗತಿ ಗಮನಿಸಬೇಕು. ಮಂಗರಸನ ಅಡುಗೆಯಲ್ಲಿ ಒಣ ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗೆಡ್ಡೆ ಇಲ್ಲ. ಅವು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಒಲೆ ತಲುಪುವುದಕ್ಕೆ ಇನ್ನೂ ಕಾಲವಿತ್ತು. ಖಾರಕ್ಕೆ ಕರಿಮೆಣಸು, ಹುಳಿಗೆ ಹುಣಸೆ, ಮೊಸರು, ನಿಂಬೆ. ಘಮಕ್ಕೆ ತುಪ್ಪ, ಪಚ್ಚ ಕರ್ಪೂರ, ಕೇದಗೆ. ಮೆಣಸಿನಕಾಯಿ ಇಲ್ಲದ ಕನ್ನಡದ ಅಡುಗೆ ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಹಸನಾದ ದಾರಿ ಇಲ್ಲ.

ಫೋಟೊ ಇಲ್ಲದ ಕಾಲದಲ್ಲಿ ಮಂಗರಸ ಪುಸ್ತಕಕ್ಕೆ ಅಂದ ತಂದದ್ದು ಛಂದಸ್ಸಿನಿಂದ. ಷಟ್ಪದಿಯ ಲಯ ಬಾಯಿಗೆ ಹತ್ತಿದರೆ ಕ್ರಮ ಮರೆಯುವುದಿಲ್ಲ; ಓಲೆಗರಿ ಬಿಚ್ಚದೆಯೇ ಅಡುಗೆ ಮಾಡಬಹುದು. ಕೇಳುವವನಿಗೆ ಸುಖ, ಮಾಡುವವನಿಗೆ ಜ್ಞಾಪಕ. ಚೆಲುವು ಮತ್ತು ಉಪಯೋಗ ಒಂದೇ ಕೆಲಸದಲ್ಲಿ ಕೂಡಿಬಂದಿರುವುದನ್ನು ಇಲ್ಲಿ ಕಾಣುತ್ತೇವೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1969ರಲ್ಲಿ ಈ ಕೃತಿಯನ್ನು ಅಚ್ಚು ಹಾಕಿಸಿತು. 2012ರಲ್ಲಿ ಇಂಗ್ಲಿಷಿನ ಅನುವಾದವೂ ಬಂತು. ಇವತ್ತಿನ ಅಡುಗೆಯವರು ಓದಿ, ಮಾಡಿ ನೋಡಿ, ಅಳತೆ ಕೊಟ್ಟು, ಚಿತ್ರ ಸಹಿತ ಕನ್ನಡದಲ್ಲಿ ತರಬಹುದಾದ ಒಂದು ‘ಸೂಪಶಾಸ್ತ್ರ’ಕ್ಕೆ ನಾನು ಆಸೆಯಿಂದ ಕಾಯುತ್ತಿದ್ದೇನೆ.

ಅಚ್ಚಿನ ಯುಗಕ್ಕೆ ಬಂದರೆ ಕನ್ನಡದ ಅಡುಗೆ ಪುಸ್ತಕ ಬಡವಾಯಿತು. ವಿಷಯದಲ್ಲಿ ಅಲ್ಲ, ರೂಪದಲ್ಲಿ. ತೆಳುವಾದ ನ್ಯೂಸ್‌ಪ್ರಿಂಟ್ ಕಾಗದ, ಮುಖಪುಟದಲ್ಲಿ ಮಾತ್ರ ಬಣ್ಣ, ಒಳಗೆ ಒತ್ತೊತ್ತಾಗಿ ಜೋಡಿಸಿದ ಅಕ್ಷರ. ಬಸ್ ನಿಲ್ದಾಣದಲ್ಲೂ ಜಾತ್ರೆಯಲ್ಲೂ ಮಾರಾಟವಾಗುತ್ತಿದ್ದ ಆ ಪುಸ್ತಕಗಳಿಗೆ ನಾನು ಋಣಿ. ಹೊಸದಾಗಿ ಸಂಸಾರ ಹೂಡಿದ ಎಷ್ಟೋ ಹುಡುಗಿಯರಿಗೆ ಅವೇ ಆಸರೆ. ವಾರಪತ್ರಿಕೆಗಳ ಅಡುಗೆ ಪುಟವೂ ಹಾಗೆಯೇ. ಕತ್ತರಿಸಿ, ಹಳೆಯ ಡೈರಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ‘ಬೆಲ್ಲ ಸ್ವಲ್ಪ ಕಡಿಮೆ ಸಾಕು’ ಎಂದು ಬರೆದಿಟ್ಟ ಪುಸ್ತಕಗಳು ವಿಜಯನಗರದ, ಹಂಪಿನಗರದ ಅದೆಷ್ಟೋ ಮನೆಗಳ ಅಟ್ಟದಲ್ಲಿವೆ. ಎಣ್ಣೆಯ ಕಲೆ ಬಿದ್ದ ಆ ಡೈರಿಗಳನ್ನು ರದ್ದಿಗೆ ಹಾಕಬೇಡಿ ಎಂದು ಯಾರ ಕೈ ಹಿಡಿದಾದರೂ ಕೇಳಿಕೊಳ್ಳುತ್ತೇನೆ.

ಅವುಗಳ ದೊಡ್ಡ ತೊಡಕು ಅಳತೆ. ಹಳೆಯ ಪುಸ್ತಕಗಳಲ್ಲಿ ಸೇರು, ಪಾವು, ಚಟಾಕು. ನಾಲ್ಕು ಪಾವಿಗೆ ಒಂದು ಸೇರು ಎಂಬುದೇನೋ ಎಲ್ಲರಿಗೂ ಗೊತ್ತು. ಆದರೆ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ. ಊರು ಬದಲಾದರೆ ಸೇರೂ ಬದಲು. ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಎಂಬ ಕಾಯಿದೆ ಬಂದದ್ದು 1956ರಲ್ಲಿ. ಅಂಗಡಿಗಳಿಗೆ ಕಿಲೊ, ಲೀಟರು ಬಂದು ಎಷ್ಟೋ ವರ್ಷವಾದ ಮೇಲೂ ಅಡುಗೆಮನೆಯಲ್ಲಿ ಪಾವು ಹಾಗೇ ಉಳಿಯಿತು. ಅದರ ಮೇಲೆ ‘ಒಂದು ಹಿಡಿ’, ‘ಗೋಲಿ ಗಾತ್ರದ ಹುಣಸೆ’, ‘ಹದವಾಗಿ ಹುರಿದು’. ಜೊತೆಯಲ್ಲೇ ನಿಂತು ಕಲಿಸುವ ಅತ್ತೆಯೋ ಅಮ್ಮನೋ ಇದ್ದಾಗ ಈ ಮಾತುಗಳು ಸಾಕಾಗಿದ್ದವು. ಈಗ ಮಗಳು ಒರೆಗಾನ್‌ನಲ್ಲಿದ್ದಾಳೆ, ಮಗ ಪುಣೆಯಲ್ಲಿದ್ದಾನೆ. ಯಾರ ಗೋಲಿ, ಯಾರ ಹಿಡಿ?

ತಮಿಳಿನಲ್ಲಿ ಈ ತೊಡಕನ್ನು ಬೇಗನೆ ಗುರುತಿಸಿದರು. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ‘ಸಮೈತ್ತುಪ್ಪಾರ್’ ಹೊರತಂದರು. ದೂರ ಹೋದ ಮನೆಮಕ್ಕಳು ಕಾಗದ ಬರೆದು ಕೇಳುತ್ತಿದ್ದ ಅಡುಗೆಗಳೇ ಪುಸ್ತಕವಾದವು. ಅದು ತಲೆಮಾರುಗಳ ಕೈ ದಾಟಿತು. ಮುಂದೆ ಅದನ್ನು ಹೊಸ ಅಳತೆಗೆ ಹೊಂದಿಸಿ ಇಂಗ್ಲಿಷಿಗೂ ತಂದರು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1988ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಊರೂರು ಬದಲಾಯಿಸುವ ನಗರದ ಮಧ್ಯಮ ವರ್ಗದ ಹೆಣ್ಣುಮಕ್ಕಳು ಬರೆದ, ಓದಿದ ಇಂಗ್ಲಿಷ್ ಅಡುಗೆ ಪುಸ್ತಕಗಳಿಂದಲೇ ‘ಭಾರತೀಯ ಅಡುಗೆ’ ಎಂಬ ಕಲ್ಪನೆ ರೂಪುಗೊಂಡಿತು ಎಂದು ತೋರಿಸಿದರು. ಯಾವ ಅಡುಗೆ ಪುಸ್ತಕಕ್ಕೆ ಬಂತೋ ಅದು ದೇಶದ ಅಡುಗೆ. ಬಾರದ್ದು ಆ ಮನೆಯದಾಗಿಯೇ ಉಳಿಯಿತು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯ 1994ರಲ್ಲಿ ಪ್ರಕಟಿಸಿದ ಭಾರತೀಯ ಆಹಾರದ ಚರಿತ್ರೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಗೌರವದಿಂದ ಎತ್ತಿ ತೋರಿಸದೇ ಇದ್ದಿದ್ದರೆ ಮಂಗರಸನ ಹೆಸರು ಹೊರಗಿನವರಿಗೆ ತಿಳಿಯುವುದೇ ಕಷ್ಟವಿತ್ತು.

ಚೆಂದದ ಪುಸ್ತಕ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನೆರೆಯ ಎರಡು ಉದಾಹರಣೆ ನನಗೆ ಬಹಳ ಪ್ರಿಯ. ಒಂದು ‘ಕುಕಿಂಗ್ ಅಟ್ ಹೋಮ್ ವಿತ್ ಪೆದತ್ತ’. ರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರ ಹಿರಿಯ ಮಗಳು ಸುಭದ್ರಾ ಕೃಷ್ಣರಾವ್ ಪರಿಗಿಯವರ ಆಂಧ್ರದ ಸಸ್ಯಾಹಾರಿ ಅಡುಗೆಗಳನ್ನು ಜಿಜ್ಞಾಸಾ ಗಿರಿ ಮತ್ತು ಪ್ರತಿಭಾ ಜೈನ್ ಪಕ್ಕದಲ್ಲೇ ನಿಂತು ದಾಖಲಿಸಿದರು. ಪುಡಿ, ಪಚ್ಚಡಿಗಳ ಆ ಪುಸ್ತಕಕ್ಕೆ 2006ರಲ್ಲಿ ಜಗತ್ತಿನ ಅತ್ಯುತ್ತಮ ಸಸ್ಯಾಹಾರಿ ಅಡುಗೆ ಪುಸ್ತಕವೆಂದು ಗೂರ್ಮಾಂಡ್ ಪ್ರಶಸ್ತಿ ಬಂತು. ಮನೆಯ ಹಿರಿಯಾಕೆಯೊಬ್ಬರ ಬೇಳೆ–ಸೊಪ್ಪಿಗೆ!

ಇನ್ನೊಂದು ನಮ್ಮ ಬೆಂಗಳೂರಿನಲ್ಲೇ ಆದದ್ದು. ಆಗ ಇಲ್ಲಿ ನೆಲೆಸಿದ್ದ ಅರ್ಚನಾ ಪಿಡತಲ ಅವರ ಅಜ್ಜಿ ನಿರ್ಮಲಾ ರೆಡ್ಡಿ 1974ರಲ್ಲಿ ತೆಲುಗಿನಲ್ಲಿ ‘ವನಿತಾ ವಂಟಕಾಲು’ ಎಂಬ ಅಡುಗೆ ಪುಸ್ತಕ ಬರೆದಿದ್ದರು. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಅದನ್ನು ಅನುವಾದಿಸಲು ಕೂತರು. ಒಂದೊಂದನ್ನೂ ಮಾಡಿ, ಅಳೆದು, ತಿದ್ದಿ, ರಾಯಲಸೀಮೆಯ ಮನೆಯೂಟದ ನೆನಪುಗಳನ್ನು ಸೇರಿಸಿ, ಚಿತ್ರ ತೆಗೆಸಿ, 2016ರಲ್ಲಿ ‘ಫೈವ್ ಮಾರ್ಸೆಲ್ಸ್ ಆಫ್ ಲವ್’ ಎಂದು ತಾವೇ ಪ್ರಕಟಿಸಿದರು. ದೊಡ್ಡ ಪ್ರಕಾಶಕರ ಹಂಗಿಲ್ಲದೆ ಬಂದ ಆ ಪುಸ್ತಕ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೆ ಹೋಯಿತು. ಅಜ್ಜಿಯ ಪುಸ್ತಕವೊಂದು, ಅದನ್ನು ಓದಬಲ್ಲ ಮೊಮ್ಮಗಳೊಬ್ಬಳು, ಜೊತೆಗೆ ಕೆಲವು ವರ್ಷಗಳ ತಾಳ್ಮೆ. ಅದಕ್ಕೆ ಬೇಕಾದದ್ದು ಇಷ್ಟೇ. ಇದೇ ನಗರದಲ್ಲಿ ಇದು ಸಾಧ್ಯವಾಯಿತೆಂದರೆ ಮಾಗಡಿ ರಸ್ತೆಯ ಆಚೀಚೆ ಯಾಕಾಗಬಾರದು?

ಏಕೆಂದರೆ ಪಶ್ಚಿಮ ಬೆಂಗಳೂರಿನ ಅಡುಗೆಮನೆಗಳಲ್ಲಿ ಅರ್ಧ ಕರ್ನಾಟಕ ಕೂತಿದೆ. ರಾಜಾಜಿನಗರದ ಕಾರ್ಖಾನೆಗಳನ್ನು ನಂಬಿ ಬಂದವರು, ಸರ್ಕಾರಿ ನೌಕರಿಗೆ ಬಂದವರು, ಮಕ್ಕಳ ಓದಿಗೆಂದು ಬಂದು ಇಲ್ಲೇ ಉಳಿದವರು. ಮಂಡ್ಯ, ಹಾಸನ, ತುಮಕೂರು, ರಾಮನಗರದ ಮನೆಗಳು ಹೆಚ್ಚು. ಹಾಗೆಂದು ಒಂದೇ ರಸ್ತೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದೂ ಕೇಳುತ್ತದೆ, ನೀರುದೋಸೆಯ ಹಿಟ್ಟೂ ರುಬ್ಬುತ್ತಿರುತ್ತದೆ. ಆದರೆ ಅಂಗಡಿಯ ಕಪಾಟಿನ ಅಡುಗೆ ಪುಸ್ತಕಗಳನ್ನು ನೋಡಿದರೆ ಈ ವೈವಿಧ್ಯ ಕಾಣುವುದಿಲ್ಲ. ಹುಳಿ, ಗೊಜ್ಜು, ಕೋಸಂಬರಿ, ಸಿಹಿತಿಂಡಿಗಳೇ ತುಂಬಿರುತ್ತವೆ. ಬಸ್ಸಾರು ಇದ್ದರೆ ಅರ್ಧ ಪುಟ. ನಾಟಿಕೋಳಿ ಸಾರು, ಕೈಮ ಉಂಡೆ, ಬೋಟಿ ಗೊಜ್ಜು, ಮೀನು ಸಾರು ಅಪರೂಪ. ಬಹುಜನರು ದಿನವೂ ಉಣ್ಣುವ ಊಟ ಬರೆಯುವ ಗೌರವಕ್ಕೆ ಇನ್ನೂ ಪೂರ್ತಿ ಬಂದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಬಸ್ಸಾರಿಗೆ ಎಂಟು ಪುಟ ಕೊಟ್ಟರೂ ತುಂಬಬಲ್ಲದು. ಹೆಸರುಕಾಳೋ ಅಲಸಂದೆಯೋ ತೊಗರಿಬೇಳೆಯೋ ಮೊದಲು ಮುಕ್ಕಾಲು ಬೇಯಬೇಕು. ಆಮೇಲೆ ದಂಟಿನ ಸೊಪ್ಪು, ಸಬ್ಬಸಿಗೆ, ಇಲ್ಲವೇ ಹುರುಳಿಕಾಯಿ. ಕಾಳು ಒಡೆಯುವ ಮೊದಲೇ ಬಸಿಯಬೇಕು, ತಡವಾದರೆ ಕಟ್ಟು ಗಂಜಿಯಾಗುತ್ತದೆ. ಬಸಿದ ಕಟ್ಟು ಒಂದು ಕಡೆ, ಕಾಳು–ಸೊಪ್ಪು ಇನ್ನೊಂದು ಕಡೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ಮೆಣಸು, ಸಾರಿನ ಪುಡಿ, ಕಾಯಿ, ಹುಣಸೆ, ಜೊತೆಗೆ ಬೆಂದ ಕಾಳು–ಸೊಪ್ಪಿನದೇ ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳು–ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಒಂದು ಹನಿ ಸತ್ತ್ವವೂ ಚೆಲ್ಲಿಹೋಗದು. ಅದೇ ಕಟ್ಟಿಗೆ ಉಪ್ಪು ಹಾಕಿ, ಖಾರವನ್ನು ಬೇರೆ ಅರೆದಿಟ್ಟರೆ ಉಪ್ಸಾರು. ಮಾರನೆಯ ದಿನ ಹಳೆಯ ಬಸ್ಸಾರು ಇಂಗಿಸಿದ್ದು ಇನ್ನೂ ರುಚಿ. ಯಾವ ಸೊಪ್ಪಿಗೆ ಯಾವ ಕಾಳು ಜೊತೆ, ಮಳೆಗಾಲದ ಬೆರಕೆ ಸೊಪ್ಪಿನಲ್ಲಿ ಏನೇನಿರುತ್ತದೆ, ಮಂಡ್ಯದ ಕಡೆಯದು ಹೇಗೆ, ತುಮಕೂರಿನದು ಹೇಗೆ: ಇದನ್ನೆಲ್ಲ ಬರೆಯಲು ಹೊರಟರೆ ಒಂದು ಸೀಮೆಯ ಬೇಸಾಯದ ಕತೆಯೇ ತೆರೆದುಕೊಳ್ಳುತ್ತದೆ. ಚಳಿ ಬಿದ್ದೊಡನೆ ಮಾಗಡಿಯ ಕಡೆಯಿಂದ ಬರುವ ಸೊಗಡಿನ ಅವರೆ, ರಾತ್ರಿ ನೆನೆಸಿ ಬೆಳಿಗ್ಗೆ ಮನೆಮಂದಿಯೆಲ್ಲ ಸುತ್ತ ಕೂತು ಹಿತಕುವ ಬೇಳೆ, ಇದಕ್ಕಂತೂ ಒಂದು ಅಧ್ಯಾಯವೇ ಬೇಕು.

ಇನ್ನು ಚಿತ್ರದ ಮಾತು. ಬಸ್ಸಾರು ಕಂದು, ಹುಳಿ ಕಂದು, ಮುದ್ದೆ ಇನ್ನೂ ಕಂದು. ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂಬ ಮಾತು ಕೇಳುತ್ತೇನೆ. ಬೆಳಕು ಗೊತ್ತಿಲ್ಲದವರ ಮಾತು ಅದು. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಯಾವ ಸಾರೂ ಸಪ್ಪೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಬಟ್ಟಲಿಟ್ಟು, ಒಂದೇ ಕಡೆಯಿಂದ, ತೆಳುವಾದ ಬಿಳಿ ಪಂಚೆಯ ಮೂಲಕ ಬೆಳಕು ಬಿಟ್ಟರೆ ಸಾರಿನ ಮೇಲೆ ತೇಲುವ ತುಪ್ಪದ ಹನಿಗಳು, ಸಾಸಿವೆ, ಕರಿಬೇವು ಒಂದೊಂದಾಗಿ ಎದ್ದು ಕಾಣುತ್ತವೆ. ಎದುರು ಬದಿಯಲ್ಲಿ ಬಿಳಿ ರಟ್ಟು ನಿಲ್ಲಿಸಿದರೆ ನೆರಳು ಮೆದುವಾಗುತ್ತದೆ. ಹಬೆ ಕಾಣಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು, ಬೆಳಕು ಹಿಂದಿನಿಂದ ಬರಬೇಕು. ಮುದ್ದೆಯ ಹೊಳಪು ಒದ್ದೆ ಕೈಯಿಂದ ಉಂಡೆ ಕಟ್ಟಿದ ಕೆಲವೇ ನಿಮಿಷ ಇರುತ್ತದೆ, ಆಮೇಲೆ ಮೇಲ್ಮೈ ಒಣಗಿ ಬಿರಿಯುತ್ತದೆ. ಆದ್ದರಿಂದ ಕ್ಯಾಮೆರಾ ಮೊದಲೇ ಸಿದ್ಧವಾಗಿರಬೇಕು, ಮುದ್ದೆ ಆಮೇಲೆ ಬರಬೇಕು. ಜಾಹೀರಾತಿನವರು ಐಸ್‌ಕ್ರೀಮಿನ ಬದಲು ಆಲೂಗೆಡ್ಡೆ ಇಡುತ್ತಾರೆ, ಹಣ್ಣಿಗೆ ಗ್ಲಿಸರಿನ್ ಸಿಂಪಡಿಸುತ್ತಾರೆ. ಅಡುಗೆ ಪುಸ್ತಕಕ್ಕೆ ಅದು ಸಲ್ಲದು. ಚಿತ್ರಕ್ಕೆ ಇಟ್ಟದ್ದನ್ನು ಚಿತ್ರ ತೆಗೆದವರು ಕೂತು ಉಣ್ಣುವಂತಿರಬೇಕು.

ಪಾತ್ರೆಗಳ ವಿಷಯದಲ್ಲಿ ನಾವು ಶ್ರೀಮಂತರು. ಕಂಚಿನ ತಟ್ಟೆ, ಹಿತ್ತಾಳೆಯ ಕೊಳಗ, ಬಳಪದ ಕಲ್ಲಿನ ಮರಿಗೆ, ಈಳಿಗೆಮಣೆ, ಶ್ಯಾವಿಗೆ ಒರಳು, ಮುದ್ದೆ ಕೋಲು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿನ ವಸ್ತು ಸಂಗ್ರಹಾಲಯದಲ್ಲಿ ಹಳ್ಳಿಯ ಅಡುಗೆಮನೆಯ ಸಾಮಾನುಗಳನ್ನು ಹತ್ತಿರದಿಂದ ನೋಡಬಹುದು. ಮನೆಯ ಕಪಾಟನ್ನು ಅಲಂಕರಿಸಬೇಕೆನ್ನುವವರು ಮೊದಲು ಅಲ್ಲಿಗೆ ಹೋಗಿಬರಲಿ ಎಂದು ನನ್ನ ಸಲಹೆ. ಆದರೆ ಹಿತ್ತಾಳೆಯನ್ನು ಬರೀ ಹೊಳಪಿಗಾಗಿ ಇಡುವುದಕ್ಕಿಂತ ಬಳಸುವುದು ಮೇಲು. ಬಳಸಬೇಕಾದರೆ ಕಲಾಯಿ ಹಾಕಿಸಬೇಕು. ಹುಣಸೆಯ ಹುಳಿ ತಾಮ್ರದ ಅಂಶವಿರುವ ಲೋಹಕ್ಕೆ ತಾಗಿದರೆ ಕಿಲುಬು ಬಿಡುತ್ತದೆ, ಒಳಗೆ ಬಳಿದ ತವರದ ತೆಳು ಪದರ ಅದನ್ನು ತಡೆಯುತ್ತದೆ. ಇಂಥ ಮಾತು ಚಿತ್ರದ ಕೆಳಗೆ ಎರಡೇ ಸಾಲು ಇದ್ದರೂ ಪುಸ್ತಕದ ಬೆಲೆ ಹೆಚ್ಚುತ್ತದೆ.

ಬಡಿಸುವ ಅಂದಕ್ಕೆ ನಮಗೆ ಬಾಳೆ ಎಲೆಗಿಂತ ಬೇರೆ ಗುರು ಬೇಕಿಲ್ಲ. ಎಲೆಯ ತುದಿ ಉಣ್ಣುವವರ ಎಡಕ್ಕೆ, ಅಗಲವಾದ ಭಾಗ ಬಲಕ್ಕೆ. ಮೇಲ್ಭಾಗದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು. ಕೆಳಗೆ ಅನ್ನಕ್ಕೆ, ಸಾರಿಗೆ, ಪಾಯಸಕ್ಕೆ ಜಾಗ. ಬಲಗೈ ಓಡಾಡುವ ಕಡೆ ಹೆಚ್ಚು ಸ್ಥಳ, ಚೂರು ಚೂರೇ ಬೇಕಾದದ್ದು ಮೇಲೆ. ಹಸಿರಿನ ಮೇಲೆ ಬಿಳಿ, ಹಳದಿ, ಕೆಂಪು. ಮನೆಮನೆಗೆ ಕ್ರಮ ಸ್ವಲ್ಪ ಬೇರೆ, ಮಠದ ಪಂಕ್ತಿಗೂ ಬೀಗರೂಟಕ್ಕೂ ಬೇರೆ. ಅದೆಲ್ಲವನ್ನೂ ಒಂದೊಂದು ಎಲೆಯ ಚಿತ್ರವಾಗಿ ಬಿಡಿಸಿ ತೋರಿಸಿದರೆ ಎಷ್ಟು ಸೊಗಸಾಗಿರುತ್ತದೆ! ಫೋಟೊವೇ ಬೇಕೆಂದೂ ಇಲ್ಲ. ಸಮೀನ್ ನೊಸ್ರತ್ 2017ರಲ್ಲಿ ಬರೆದ, ಉಪ್ಪು, ಕೊಬ್ಬು, ಹುಳಿ, ಶಾಖ ಎಂಬ ನಾಲ್ಕೇ ಮಾತಿನಲ್ಲಿ ಅಡುಗೆ ಕಲಿಸುವ ಪುಸ್ತಕ ಜಗತ್ತಿನಾದ್ಯಂತ ಮನೆಮಾತಾಯಿತು. ಅದರಲ್ಲಿರುವುದು ವೆಂಡಿ ಮೆಕ್‌ನಾಟನ್ ಕೈಯಿಂದ ಬಿಡಿಸಿದ ಚಿತ್ರಗಳು. ನಮ್ಮ ಕಲಾಶಾಲೆಗಳಲ್ಲಿ ಕಲಿತ ಎಷ್ಟು ಜನ ಹುಡುಗ ಹುಡುಗಿಯರು ಇಂಥ ಕೆಲಸಕ್ಕೆ ಸಿಗುತ್ತಾರೆ.

ಪುಸ್ತಕ ಕಟ್ಟುವ ಬಗೆಯ ಬಗ್ಗೆಯೂ ನನಗೆ ಹಟವಿದೆ. ಬೆನ್ನಿಗೆ ಬರೀ ಗೋಂದು ಹಚ್ಚಿದ ಪುಸ್ತಕ ಅಡುಗೆ ಕಟ್ಟೆಯ ಮೇಲೆ ತೆರೆದು ನಿಲ್ಲುವುದಿಲ್ಲ. ಒತ್ತಿ ಹಿಡಿಯೋಣವೆಂದರೆ ಕೈಯಲ್ಲಿ ಹಿಟ್ಟು. ನಾಲ್ಕು ಸಲ ಬಲವಂತವಾಗಿ ತೆರೆದರೆ ಹಾಳೆ ಕಳಚಿ ಬರುತ್ತದೆ. ಹೊಲಿಗೆ ಹಾಕಿದ ಬೈಂಡಿಂಗ್ ತುಸು ದುಬಾರಿ, ಆದರೆ ಪುಟ ಮಲಗುತ್ತದೆ, ಇಪ್ಪತ್ತು ವರ್ಷ ಬಾಳುತ್ತದೆ. ಮಿರಮಿರ ಹೊಳೆಯುವ ಕಾಗದದಲ್ಲಿ ದೀಪದ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ, ಮ್ಯಾಟ್ ಕಾಗದ ಮೇಲು. ಅಕ್ಷರ ದೊಡ್ಡದಿರಬೇಕು, ಏಕೆಂದರೆ ಓದುವುದು ಕೈಯಳತೆಯ ದೂರದಿಂದ, ಕೆಲವರು ಕನ್ನಡಕ ತೆಗೆದಿಟ್ಟು. ಕನ್ನಡದ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲಿನಿಂದ ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬಿಡಬೇಕು. ಒಂದು ಅಡುಗೆಯ ಕ್ರಮ ಎದುರುಬದುರು ಎರಡು ಪುಟದೊಳಗೇ ಮುಗಿಯಬೇಕು. ಒಗ್ಗರಣೆ ಸಿಡಿಯುತ್ತಿರುವಾಗ ಹಾಳೆ ತಿರುವಲು ಯಾರಿಗೂ ಆಗದು.

ವಿಡಿಯೊ ಇರುವಾಗ ಪುಸ್ತಕ ಯಾಕೆ ಎಂದು ಕೇಳುವವರಿದ್ದಾರೆ. ವಿಡಿಯೊಗಳ ಮೇಲೆ ನನಗೆ ಪ್ರೀತಿಯಿದೆ. ಕಾಸರಗೋಡಿನ ಹಳ್ಳಿಯ 'ಭಟ್ ಎನ್ ಭಟ್' ಸೋದರರು ತೋಟದ ಹಲಸು, ಬಾಳೆದಿಂಡು, ಕೆಸುವಿನ ಎಲೆಗಳ ಅಡುಗೆಯನ್ನು ತಮ್ಮ ಕನ್ನಡದಲ್ಲಿ ತೋರಿಸಿ, ಗಡಿಯಾಚೆಯ ಒಂದು ಊಟದ ಲೋಕವನ್ನೇ ವಿಜಯನಗರದ ಮನೆಯೊಳಗೆ ತಂದಿದ್ದಾರೆ. ಸಿಹಿಕಹಿ ಚಂದ್ರು ಅವರ ‘ಬೊಂಬಾಟ್ ಭೋಜನ’ ಟಿವಿಯಲ್ಲಿ ಎಷ್ಟೋ ಮನೆಗಳ ಮಧ್ಯಾಹ್ನವನ್ನು ತುಂಬಿತು. ಹದ ಕಣ್ಣಿಗೆ ಕಾಣುವುದು ವಿಡಿಯೊದಲ್ಲಿ, ನಿಜ. ಆದರೆ ಅದರ ಅಂಚಿನಲ್ಲಿ ‘ಬೆಲ್ಲ ಕಡಿಮೆ ಸಾಕು’ ಎಂದು ಬರೆದು ಮಗಳಿಗೆ ಕೊಡಲಾಗದು. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಹೋದ ಮನೆಯ ಗುರುತನ್ನೂ ಹೊತ್ತುಕೊಂಡು ಬರುತ್ತದೆ.

ಹಂಚಿ ಉಣ್ಣುವ ವಿಚಾರಕ್ಕೆ ಬಂದರೆ, ಈಗಿನ ಪುಸ್ತಕಗಳೆಲ್ಲ ‘ನಾಲ್ಕು ಜನಕ್ಕೆ’ ಎಂದು ಅಳತೆ ಕೊಡುತ್ತವೆ. ನಮ್ಮ ಬೀದಿಗಳ ಊಟ ಅಷ್ಟಕ್ಕೆ ನಿಲ್ಲುವುದಿಲ್ಲ. ರಾಮನವಮಿಯ ದಿನ ರಾಜಾಜಿನಗರದಲ್ಲಿ ಅಡ್ಡರಸ್ತೆಗೊಂದರಂತೆ ಪಾನಕ, ಮಜ್ಜಿಗೆ, ಕೋಸಂಬರಿಯ ಮೇಜು. ಗಣೇಶನ ಪೆಂಡಾಲಿನಲ್ಲಿ ಅನ್ನಸಂತರ್ಪಣೆ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ಊಟ. ರಾಜಾಜಿನಗರದ ಹರೇಕೃಷ್ಣ ಗುಡ್ಡದ ಬಳಗದಿಂದ 2000ದಲ್ಲಿ ಶುರುವಾದ ಅಕ್ಷಯ ಪಾತ್ರ, ಮೊದಲು ಬಡಿಸಿದ್ದು ಐದು ಶಾಲೆಗಳ 1,500 ಮಕ್ಕಳಿಗೆ. ಈಗ ಅದು ದೇಶದ ಹಲವು ರಾಜ್ಯಗಳ ಲಕ್ಷಾಂತರ ಮಕ್ಕಳ ಮಧ್ಯಾಹ್ನದ ಊಟ. ನಮ್ಮ ಅಡುಗೆ ಪುಸ್ತಕದಲ್ಲಿ ಪ್ರತಿ ಅಧ್ಯಾಯಕ್ಕೊಂದಾದರೂ ‘ಐವತ್ತು ಎಲೆಗೆ’ ಎಂಬ ಅಳತೆ ಇರಬೇಕೆಂದು ನಾನು ಬಯಸುತ್ತೇನೆ.

ಅದು ಬರೀ ಗುಣಾಕಾರವಲ್ಲ. ನಾಲ್ಕು ಜನರ ಹುಳಿಯ ಲೆಕ್ಕವನ್ನು ಹನ್ನೆರಡೂವರೆಯಿಂದ ಗುಣಿಸಿದರೆ ಐವತ್ತು ಜನರ ಹುಳಿ ಕೆಡುತ್ತದೆ. ದೊಡ್ಡ ಕೊಪ್ಪರಿಗೆಯಲ್ಲಿ ಸಾರಿನ ಪ್ರಮಾಣಕ್ಕೆ ಹೋಲಿಸಿದರೆ ಆವಿಯಾಗುವ ಮೇಲ್ಮೈ ಕಡಿಮೆ, ಹಾಗಾಗಿ ನೀರು ಲೆಕ್ಕಕ್ಕಿಂತ ಕಡಿಮೆ ಸಾಕು. ಉರಿ ಆರಿಸಿದ ಮೇಲೂ ಒಳಗಿನ ಬಿಸಿಗೆ ತರಕಾರಿ ಬೇಯುತ್ತಲೇ ಇರುತ್ತದೆ, ಆದ್ದರಿಂದ ಸ್ವಲ್ಪ ಗಟ್ಟಿಯಿರುವಾಗಲೇ ಇಳಿಸಬೇಕು. ಉಪ್ಪು, ಖಾರ, ಇಂಗು ಮೊದಲು ಮುಕ್ಕಾಲು ಪಾಲು ಹಾಕಿ, ರುಚಿ ನೋಡಿ ಉಳಿದದ್ದನ್ನು ಸೇರಿಸಬೇಕು. ಮದುವೆಮನೆಯ ಅಡುಗೆಭಟ್ಟರು ಸಾಮಾನಿನ ಪಟ್ಟಿ ಬರೆಯುವಾಗ ಈ ಲೆಕ್ಕವೆಲ್ಲ ಅವರ ತಲೆಯಲ್ಲೇ ನಡೆಯುತ್ತದೆ. ಎಷ್ಟು ಎಲೆ ಎಂದು ಕೇಳುತ್ತಾರೆ, ಬೆಳಗಿನ ಊಟವೋ ರಾತ್ರಿಯದೋ ಕೇಳುತ್ತಾರೆ, ಅಕ್ಕಿ ಬೇಳೆಯ ಲೆಕ್ಕ ಬರೆದು ಕೊಡುತ್ತಾರೆ. ಆ ಪಟ್ಟಿಗಳೇ ಒಂದು ಶಾಸ್ತ್ರ. ಅದನ್ನು ಅವರಿಂದ ಕೇಳಿ ಬರೆದುಕೊಳ್ಳುವವರು ಬೇಕು.

ಅಜ್ಜಿಯ ‘ಒಂದು ಹಿಡಿ’ಯನ್ನು ಅಳತೆಗೆ ತರುವುದೂ ಕಷ್ಟವಲ್ಲ. ಅವರ ಕೈಗೆ ಚಮಚ ಕೊಟ್ಟು ಅಳೆಯಿರಿ ಎಂದರೆ ಅಡುಗೆಯೇ ಕೆಡುತ್ತದೆ, ಅವರಿಗೆ ಮುಜುಗರವೂ ಆಗುತ್ತದೆ. ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ಉಪ್ಪಿನ ಜಾಡಿ, ಸಾರಿನ ಪುಡಿಯ ಡಬ್ಬ, ಬೆಲ್ಲದ ಡಬ್ಬ, ಎಣ್ಣೆಯ ಪಾತ್ರೆ ಎಲ್ಲವನ್ನೂ ಅಡುಗೆಗೆ ಮೊದಲು ತೂಗಿ ಬರೆದಿಟ್ಟುಕೊಳ್ಳಿ. ಅವರು ಎಂದಿನಂತೆ ಕೈ ಹಾಕಿ ಮಾಡಲಿ, ಮಧ್ಯೆ ತಡೆಯಬೇಡಿ, ಹೊತ್ತು ಮಾತ್ರ ಗುರುತು ಹಾಕಿಕೊಳ್ಳಿ. ಊಟವಾದ ಮೇಲೆ ಡಬ್ಬಗಳನ್ನು ಮತ್ತೆ ತೂಗಿ, ಮೊದಲಿನ ತೂಕದಿಂದ ಕಳೆಯಿರಿ. ಇದನ್ನು ಬೇರೆ ಬೇರೆ ದಿನ ಮೂರು ಸಲ ಮಾಡಿ, ಮೂರನ್ನೂ ಬರೆದುಕೊಳ್ಳಿ. ಅಕ್ಕಿ ಹಳೆಯದೋ ಹೊಸದೋ, ಮೆಣಸಿನಕಾಯಿ ಬ್ಯಾಡಗಿಯೋ ಗುಂಟೂರೋ, ಅಂದು ಎಷ್ಟು ಜನ ಉಂಡರು ಎಂಬುದನ್ನೂ ಪಕ್ಕದಲ್ಲೇ ನಮೂದಿಸಿ.